ಮೊದಲೆಲೆಯ ಬೀಗರು

ನನ್ನ ಓರಗಿತ್ತಿ ತುಂಗಾ ಹಾಡು ಕಟ್ಟುತ್ತಿದ್ದಳು. ಕಟ್ಟುತ್ತಿದ್ದಳು ಎಂದರೆ ಕಾಗದ ಪೆನ್ನು ಹಿಡಿದು ಕೂತಲ್ಲ, ರುಬ್ಬುವ ಕಲ್ಲಿನ ಮುಂದೆ ಕೂತು. ಕೈ ತಿರುಗಿದಂತೆ ಬಾಯಲ್ಲಿ ಸಾಲು ಹುಟ್ಟುತ್ತಿತ್ತು. ಮದರಾಸಿನ ತಿರುವಲ್ಲಿಕೇಣಿಯ ನಮ್ಮ ಮನೆಯಲ್ಲಿ ಅವಳ ಬಾಯಿಗೆ ಸಿಗದ ಪ್ರಾಣಿಯೇ ಇರಲಿಲ್ಲ. ಹಾಲಿನವನು, ಮಹಡಿಯ ಬಾಡಿಗೆಯವರು, ನಾನು, ಎಲ್ಲರ ಮೇಲೂ ಹಾಡಿತ್ತು.

ಆದರೆ ಅದೆಲ್ಲ ಅಡುಗೆಮನೆಯ ಬಾಗಿಲೊಳಗೆ ಮಾತ್ರ. ಅವಳ ಅಣ್ಣನ ಮದುವೆಯಲ್ಲಿ ಒಮ್ಮೆ ಸ್ವಂತ ಹಾಡನ್ನು ಹೇಳಿದ್ದಳಂತೆ. ಯಾರೂ ನಗಲಿಲ್ಲ. ಯಾರೋ ಒಬ್ಬ ಹಿರಿಯಾಕೆ, "ಇದೇನು ಹಾಡೋ, ತರಕಾರಿ ಕೂಗೋ?" ಎಂದುಬಿಟ್ಟಳಂತೆ. ಆ ಮಹಾತಾಯಿ ನನ್ನ ಕೈಗೆ ಸಿಕ್ಕಿದ್ದರೆ ನಾನೂ ಎರಡು ಮಾತು ಕೂಗಿ ಹೇಳುತ್ತಿದ್ದೆ. ಅಂದಿನಿಂದ ತುಂಗಾ ನಾಲ್ಕು ಜನರ ಮುಂದೆ ಹಳೆಯ ಹಾಡುಗಳನ್ನಷ್ಟೇ ಹೇಳುವಳು, ಅದೂ ಹಿಂದಿನ ಸಾಲಿನಲ್ಲಿ ನಿಂತು.

ಅವಳ ಬಾಯಿ ಪೂರ್ತಿ ಮುಚ್ಚದ ಹಾಗೆ ಕಾಪಾಡಿದವರು ನಮ್ಮ ಅತ್ತೆ ಗೋದಾಬಾಯಿ. ಅತ್ತೆಗೆ ಹಾಡಲು ಬಾರದು, ಗಂಟಲು ಒಡಕು. ಆದರೆ ಕೇಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. "ಇವತ್ತೇನೇ ಕಟ್ಟಿದೆ?" ಎಂದು ತರಕಾರಿ ಹೆಚ್ಚುತ್ತಲೇ ಕೇಳುವರು. ಸಾಲು ಮುಗಿಯುವ ಮೊದಲೇ ನಗು ಶುರು. ಆ ನಗು ಹೊಟ್ಟೆಯಿಂದ ಏಳುತ್ತಿತ್ತು, ಭುಜ ಕುಣಿಯುತ್ತಿತ್ತು, ಈಳಿಗೆಮಣೆ ಪಕ್ಕಕ್ಕೆ ಸರಿಯುತ್ತಿತ್ತು. ಸಾಲು ಸಪ್ಪೆಯಾಗಿದ್ದರೆ ಮಾತ್ರ ತಲೆಯೆತ್ತದೆ ಬದನೆಕಾಯಿ ಹೆಚ್ಚುತ್ತಿದ್ದರು.

೧೯೫೮ರಲ್ಲಿ ನಮ್ಮ ನಾದಿನಿ ನಾಗಮಣಿಯ ಮದುವೆ ಗೊತ್ತಾಯಿತು. ಗಂಡಿನವರೂ ಮದರಾಸಿನವರೇ, ಕೀಲ್ಪಾಕಿನವರು. ಹುಡುಗನ ಸೋದರತ್ತೆ ಭೀಮಾಬಾಯಿ ಬೀಗರ ಹಾಡಿಗೆ ಹೆಸರಾದವರು. ನಮ್ಮ ಮದುವೆಗಳಲ್ಲಿ ಬೀಗರು ಎಲೆಯ ಮುಂದೆ ಕೂತು ಉಣ್ಣುವಾಗ ಹೆಣ್ಣಿನ ಕಡೆಯ ಹೆಂಗಸರು ಅವರನ್ನು ಹಾಡಿನಲ್ಲಿ ಗೇಲಿ ಮಾಡಬೇಕು, ಅವರ ಕಡೆಯವರು ಉತ್ತರ ಕೊಡಬೇಕು. ಒಬ್ಬರು ಹೇಳಿದ ಸಾಲನ್ನು ಉಳಿದವರು ಎತ್ತಿಕೊಂಡರೆ ಹಾಡು ಗೆದ್ದಂತೆ.

"ಈ ಸಲ ತುಂಗಾನೇ ಮುಂದೆ ನಿಂತು ಹೇಳ್ತಾಳೆ. ಅವಳದೇ ಹಾಡು," ಎಂದರು ಅತ್ತೆ.

ತುಂಗಾ ಬೆವೆತುಬಿಟ್ಟಳು. "ಬೇಡ ಅತ್ತೆ. ನಾನೇನು ಮಾಡಿದ್ರೂ ನೀವು ರೊಂಬ ಚೆನ್ನಾಗಿದೆ ಅಂತೀರಿ. ನಿಮ್ಮ ಮಾತು ನಂಬ್ಕೊಂಡು ಹೋದ್ರೆ ಮತ್ತೆ ಮಾನ ಹೋಗತ್ತೆ."

"ನಿನ್ನ ಹುಳಿ ಚೆನ್ನಾಗಿದೆ ಅಂತ ನಾನು ಯಾವತ್ತೇ ಹೇಳಿದೆ?"

ನನಗೆ ನಗು ತಡೆಯಲಾಗಲಿಲ್ಲ. ನಿಜವಾಗಿಯೂ ಅತ್ತೆ ಆ ಮಾತನ್ನು ಒಂದು ದಿನವೂ ಹೇಳಿರಲಿಲ್ಲ. ತುಂಗಾ ಒಪ್ಪಿದಳು, ಆದರೆ ಒಂದು ಮಾತು ಸೇರಿಸಿದಳು. "ಈ ಸಲವೂ ಯಾರೂ ಎತ್ತಿಕೊಳ್ಳದಿದ್ರೆ ಇನ್ನು ಅಡುಗೆಮನೇಲೂ ಕಟ್ಟಲ್ಲ. ಮುಗೀತು." ಹಾಗೆ ಹೇಳಿದರೆ ಹಾಗೇ ಮಾಡುವವಳು ಅವಳು. ಹಾಡಿಲ್ಲದ ಆ ಅಡುಗೆಮನೆಯನ್ನು ನೆನೆದು ನನಗೇ ಹೆದರಿಕೆಯಾಯಿತು.

ಮದುವೆಯ ದಿನ ಬೀಗರ ಪಂಕ್ತಿ ಕೂತಿತು. ಮೊದಲ ಎಲೆ ಹುಡುಗನ ಸೋದರಮಾವನದು, ಅದು ಪದ್ಧತಿ. ತುಂಗಾ ಅವರ ಮೇಲೆಯೇ ಹಾಡು ಕಟ್ಟಿಟ್ಟುಕೊಂಡಿದ್ದಳು. ಭಯಕ್ಕೆ ಯಾರ ಮುಖವನ್ನೂ ನೋಡದೆ, ಮೊದಲ ಎಲೆಯನ್ನೇ ದಿಟ್ಟಿಸುತ್ತಾ ದನಿ ಎತ್ತಿದಳು:

ಹಬ್ಬದ ಬೀಗರಿಗೆ ಏನು ಭಕ್ತಿ ನೋಡಿರೇ
ಒಬ್ಬಟ್ಟು ಬರುವನಕ ಕಣ್ಮುಚ್ಚಿ ಜಪವಂತೆ
ತಬ್ಬಿಬ್ಬು ನೋಡಿರೇ ಬಡಿಸುವವ ದಾಟಿದರೆ!

ಯಾರೂ ಎತ್ತಿಕೊಳ್ಳಲಿಲ್ಲ. ಪಂಕ್ತಿಗೆ ಪಂಕ್ತಿಯೇ ತಣ್ಣಗಾಯಿತು. ತುಂಗಾ ತಲೆಯೆತ್ತಿ ನೋಡಿದರೆ ಮೊದಲೆಲೆಯ ಮುಂದೆ ಕೂತಿದ್ದವರು ಬೀಗರೇ ಅಲ್ಲ, ನಮ್ಮ ಮಾವನವರ ಆಫೀಸಿನ ದೊಡ್ಡ ಸಾಹೇಬರು ಬದರಿನಾಥರು! ತಡವಾಗಿ ಬಂದವರನ್ನು ನಮ್ಮ ಮಾವ ಗಡಿಬಿಡಿಯಲ್ಲಿ ಮರ್ಯಾದೆಗೆಂದು ಅಲ್ಲಿ ಕೂರಿಸಿ, ಸೋದರಮಾವನನ್ನು ಪಕ್ಕಕ್ಕೆ ಸರಿಸಿಬಿಟ್ಟಿದ್ದರು. ಸಾಹೇಬರ ಕೈಯಲ್ಲಿದ್ದ ಒಬ್ಬಟ್ಟಿನ ತುಂಡು ಬಾಯಿಗೂ ಹೋಗದೆ ಎಲೆಗೂ ಬೀಳದೆ ನಿಂತಿತ್ತು. ಮಾವನ ಮುಖದಲ್ಲಿ ರಕ್ತವೇ ಇರಲಿಲ್ಲ. ತುಂಗಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

ಆಗ ಅತ್ತೆ ನಕ್ಕರು.

ಮಾತು ಮುಚ್ಚಿಹಾಕಲು ನಕ್ಕ ನಗುವಲ್ಲ ಅದು. ಗಂಡನ ಕೆಲಸದ ಯೋಚನೆಯೂ ಇಲ್ಲದೆ, ಹೊಟ್ಟೆ ಹಿಡಿದುಕೊಂಡು, ಭುಜ ಕುಣಿಸಿಕೊಂಡು ನಕ್ಕರು. "ಇನ್ನೊಂದ್ಸಲ ಹೇಳೇ ತುಂಗಾ!" ಎಂದರು ಒಡಕು ದನಿಯಲ್ಲಿ. ಹುಳಿಯನ್ನು ಒಮ್ಮೆಯೂ ಹೊಗಳದ ಹೆಂಗಸು ಸುಳ್ಳಿಗೆ ಹಾಗೆ ನಗಲಾರಳು. ಅದು ತುಂಗಾಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನನಗೆ ಹಾಡು ಅಷ್ಟಕ್ಕಷ್ಟೆ, ಆದರೂ "ಹಬ್ಬದ ಬೀಗರಿಗೆ" ಎಂದು ಗಟ್ಟಿಯಾಗಿ ಎತ್ತಿಕೊಂಡೆ. ಹಿಂದಿನ ಸಾಲಿನ ಹೆಂಗಸರೂ ಸೇರಿಕೊಂಡರು.

ತುಂಗಾ ಸೆರಗು ಬಿಟ್ಟಳು. ಕಣ್ಣು ಪಂಕ್ತಿಯ ಉದ್ದಕ್ಕೂ ಓಡಿತು. ಅವಳ ಬಲಗೈ ತನ್ನಷ್ಟಕ್ಕೆ ರುಬ್ಬುವಂತೆ ತಿರುಗುತ್ತಿದ್ದುದನ್ನು ನಾನು ಕಂಡೆ. ಮನೆಯಲ್ಲಿ ಕಟ್ಟಿರದ ಹಾಡೊಂದು ಅಲ್ಲೇ ಹುಟ್ಟಿತು:

ನಮ್ಮವರನೇ ಹಿಡಿದು ಬೀಗರೆಂದೆನು ನಾನು
ಸುಮ್ಮನೆ ಕೂತಿರುವ ನಿಜಬೀಗರೆಲ್ಲಿಹರೇ
ಘಮ್ಮೆನ್ನೋ ತುಪ್ಪದಲಿ ತಲೆ ಮುಳುಗಿ ಹೋಗಿಹರೇ!

ಛತ್ರ ಹಾರಿಹೋಗುವಂಥ ನಗು ಎದ್ದಿತು. ಎಲೆಯ ಮೇಲೆ ಬಾಗಿದ್ದ ಸೋದರಮಾವ ತಲೆಯೆತ್ತಿದಾಗ ಮೀಸೆಯಲ್ಲಿ ನಿಜವಾಗಿಯೂ ತುಪ್ಪವಿತ್ತು. ಬದರಿನಾಥರಿಗೆ ನಕ್ಕು ನಕ್ಕು ಕೆಮ್ಮು ಬಂತು. "ಬಡಿಸಪ್ಪಾ ಇನ್ನೊಂದು ಒಬ್ಬಟ್ಟು, ನನ್ನ ಜಪ ಮುಗೀತು!" ಎಂದು ಅವರೇ ಕೂಗಿದರು. ಮಾವನಿಗೆ ಹೋದ ಜೀವ ಬಂತು. ಗಂಡಿನ ಕಡೆಯ ಹೆಂಗಸರೂ ನಮ್ಮ ಹಾಡನ್ನೇ ಎತ್ತಿಕೊಂಡು ಹೇಳತೊಡಗಿದರು. ನನಗಾದ ಸಂತೋಷವನ್ನು ಏನೆಂದು ಹೇಳಲಿ, ಕಣ್ಣಲ್ಲಿ ನೀರೇ ಬಂದುಬಿಟ್ಟಿತು.

ಭೀಮಾಬಾಯಿ ಉತ್ತರ ಕೊಡಲು ಎದ್ದು ನಿಂತರು. ಆದರೆ ದನಿ ಎತ್ತುವ ಬದಲು ಸೀದಾ ತುಂಗಾಳ ಹತ್ತಿರ ಬಂದರು.

"ಇದಕ್ಕೆ ನನ್ನ ಹತ್ರ ಉತ್ತರ ಇಲ್ಲಮ್ಮಾ. ಯಾರು ಕಟ್ಟಿದ ಹಾಡು ಇದು? ನಾನು ಕೇಳೇ ಇಲ್ವಲ್ಲ!"

ತುಂಗಾ ಅತ್ತೆಯ ಕಡೆ ನೋಡಿದಳು. ಅತ್ತೆ ಬೇಕೆಂದೇ ಬೇರೆ ಕಡೆ ತಿರುಗಿ ಯಾರಿಗೋ ತುಪ್ಪ ಬಡಿಸಲು ಹೇಳುತ್ತಿದ್ದರು.

"ನಾನೇ ಕಟ್ಟಿದ್ದು," ಎಂದಳು ತುಂಗಾ, ಕೊನೆಯ ಎಲೆಯವರೆಗೆ ಕೇಳುವಂತೆ. "ಇನ್ನೂ ಇವೆ. ಕೂತ್ಕೊಳ್ಳಿ, ನಿಮ್ಮ ಮೇಲೂ ಒಂದಿದೆ."