ಕೆಳಮನೆಯ ಕೆಂಪು ಬಕೆಟ್

ಅತ್ತಿಗೆ ಎಲ್ಲಿಗೆ ಹೋದರೂ ಕನ್ನಡದಲ್ಲೇ ಮಾತಾಡುತ್ತಾರೆ. ಯುದ್ಧ ಮುಗಿಸಿಕೊಂಡು ಈಗಷ್ಟೇ ಪ್ರವಾಸಿಗರಿಗೆ ಬಾಗಿಲು ತೆರೆದಿದ್ದ ಆ ದೇಶದಲ್ಲೂ ಅಷ್ಟೇ. "ಕೈ ಇದೆ, ಕಣ್ಣಿದೆ, ಇನ್ನೇನು ಬೇಕು ಪುಟ್ಟಿ?" ಎನ್ನುತ್ತಿದ್ದರು. ಐವತ್ತು ದಾಟಿದ ನನ್ನನ್ನು ಪುಟ್ಟಿ ಎನ್ನುವವರು ಈಗ ಅವರೊಬ್ಬರೇ.

"ಯುದ್ಧ ಆಗಿರೋ ದೇಶ ನೋಡೋಕೆ ಯಾರಾದ್ರೂ ಹೋಗ್ತಾರಾ?" ಎಂದು ಹೊರಡುವಾಗ ಅಣ್ಣ ಗೊಣಗಿದ್ದ.

"ಆಗ್ತಾ ಇರೋ ದೇಶಕ್ಕೇನೂ ಹೋಗ್ತಿಲ್ವಲ್ಲ. ಅನ್ನಕ್ಕೆ ಎಷ್ಟು ನೀರು ಇಡಬೇಕು ಅಂತ ಕಲ್ತ್ಕೊಳ್ಳಿ ಅಷ್ಟರಲ್ಲಿ" ಎಂದಿದ್ದರು ಅತ್ತಿಗೆ.

ನಾವು ಇಳಿದುಕೊಂಡದ್ದು ಒಂದು ಮನೆಯ ಮಹಡಿಯಲ್ಲಿ. ಗೋಡೆಯ ತುಂಬ ಹೊಸ ಗಾರೆಯ ತೇಪೆ. ಎಷ್ಟು ಹೊಂದಿಸಿದರೂ ಬಣ್ಣ ಹೊಂದಿರಲಿಲ್ಲ. ಮನೆಯೊಡತಿ ನನ್ನದೇ ವಯಸ್ಸಿನವಳು. ಕಾರ್ಖಾನೆಯೊಂದರಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದವಳು ಅದನ್ನು ಬಿಟ್ಟು, ಧೈರ್ಯ ಮಾಡಿ ಎರಡು ಕೋಣೆಗಳನ್ನು ಪ್ರವಾಸಿಗರಿಗೆಂದು ಅಣಿಗೊಳಿಸಿದ್ದಳು. ನಾವೇ ಮೊದಲ ಅತಿಥಿಗಳು. ಮರುದಿನ ಮಧ್ಯಾಹ್ನ ನಮ್ಮ ಡ್ರೈವರ್ ಇನ್ನೊಂದು ಸಂಸಾರವನ್ನು ಕರೆತರುವವನಿದ್ದ. ಅವರಿಗೂ ಮನೆ ಹಿಡಿಸಿದರೆ ಮುಂದೆಯೂ ಜನರನ್ನು ಕಳಿಸುತ್ತಾನೆ, ಇಲ್ಲದಿದ್ದರೆ ಮತ್ತೆ ಗುಂಡಿಗಳೇ ಗತಿ. ಅವಳಿಗೂ ನನಗೂ ಬರುತ್ತಿದ್ದ ಅರೆಬರೆ ಇಂಗ್ಲಿಷಿನಲ್ಲಿ ಅವಳು ಇದನ್ನು ನಗುತ್ತಲೇ ಹೇಳಿದಳು. ಆದರೆ ಹಾಸಿಗೆಯ ಚಾದರವನ್ನು ಎಳೆದೆಳೆದು ಸರಿಮಾಡುತ್ತಿದ್ದ ಕೈ ನಿಲ್ಲಲೇ ಇಲ್ಲ.

ಎಲ್ಲವನ್ನೂ ವಿವರಿಸಿದವಳು ನೀರಿನ ವಿಷಯ ಮಾತ್ರ ಹೇಳಲಿಲ್ಲ. ಅದು ಹೇಳಬೇಕಾದ ವಿಷಯವೆಂದೇ ಅವಳಿಗೆ ಹೊಳೆದಿರಲಿಕ್ಕಿಲ್ಲ. ಆ ಮನೆಯಲ್ಲಿ ಯಾವ ಪಾತ್ರೆಯೂ ಖಾಲಿ ಇರಲಿಲ್ಲ. ಸ್ನಾನದ ತೊಟ್ಟಿ ಅಂಚಿನವರೆಗೆ ತುಂಬಿತ್ತು. ಮಂಚದ ಕೆಳಗೆ, ಬಾಗಿಲ ಸಂದಿಯಲ್ಲಿ, ಅಡುಗೆಮನೆಯ ಕಟ್ಟೆಯ ಮೇಲೆ ಬಾಟಲಿಗಳು, ಬಕೆಟ್ಟುಗಳು, ಕೊನೆಗೆ ಹೂದಾನಿಯಲ್ಲೂ ನೀರು.

ಮರುದಿನ ಬೆಳಿಗ್ಗೆ ಅವಳು ಪೇಟೆಗೆ ಹೋದಳು. ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತಿತ್ತು. ನಮ್ಮೂರಲ್ಲಿ ಹೆಂಗಸರು ನಲ್ಲಿಯ ಸದ್ದು ಕೇಳಿದರೆ ಏನು ಮಾಡುತ್ತಾರೋ ಅತ್ತಿಗೆ ಅದನ್ನೇ ಮಾಡಿದರು. ಹಳೆಯ ನೀರು ಚೆಲ್ಲಿ, ಪಾತ್ರೆ ತಿಕ್ಕಿ, ಹೊಸ ನೀರು ಹಿಡಿಯುವುದು.

"ಅತ್ತಿಗೆ, ಅವರ ಮನೆ ಇದು."

"ಜನ ಬರ್ತಾರೆ ಮಧ್ಯಾಹ್ನ. ತೊಟ್ಟಿ ತಳದಲ್ಲಿ ಪಾಚಿ ನೋಡು. ಪಾಪ, ಒಬ್ಬಳೇ ಎಷ್ಟು ಅಂತ ಮಾಡ್ತಾಳೆ? ನೀನು ಬಾಟಲಿ ಖಾಲಿ ಮಾಡು."

ನಾನೂ ಸೊಂಟಕ್ಕೆ ದುಪಟ್ಟಾ ಬಿಗಿದೆ. ಎಲ್ಲ ಚೆಲ್ಲಿ, ಎಲ್ಲ ತಿಕ್ಕಿ, ಸಾಲಾಗಿ ಜೋಡಿಸಿ ನಲ್ಲಿ ತಿರುಗಿಸಿದರೆ ಅದು ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಬ್ರೆಡ್ಡು, ತರಕಾರಿ ಹೊತ್ತು ಬಂದವಳು ಬಾಗಿಲಲ್ಲೇ ನಿಂತಳು. ಬೀದಿಯ ತುದಿಯಲ್ಲಿ ಪೈಪು ಬದಲಿಸುತ್ತಿದ್ದಾರಂತೆ, ಸಂಜೆಯವರೆಗೆ ನೀರಿಲ್ಲವಂತೆ. ಫಳಫಳ ಹೊಳೆಯುತ್ತಿದ್ದ ಖಾಲಿ ಬಾಟಲಿಗಳನ್ನು ನೋಡುತ್ತ ಕುರ್ಚಿಯಲ್ಲಿ ಕುಸಿದಳು. ಬೈದಿದ್ದರೆ ವಾಸಿಯಿತ್ತು. "ಅಡುಗೆ, ಅವರ ಸ್ನಾನ..." ಎಂದಳು, ಅಷ್ಟೇ.

ನಾನು ಕ್ಷಮೆ ಕೇಳಲು ಇಂಗ್ಲಿಷ್ ಹುಡುಕುತ್ತಿದ್ದಾಗಲೇ ಅತ್ತಿಗೆ ಬಕೆಟ್ ಹಿಡಿದು ಮೆಟ್ಟಿಲಿಳಿದಿದ್ದರು.

"ಕೆಳಮನೆಗೆ ಬೇಡ!" ಮನೆಯೊಡತಿ ಎದ್ದು ನಿಂತಳು. ಅಷ್ಟರಲ್ಲಿ ಕೆಳಗೆ ಕದ ತಟ್ಟಿದ ಸದ್ದು ಕೇಳಿತು.

"ನಾನೂ ಕೆಳಗಿನವಳೂ ಒಟ್ಟಿಗೇ ಮಕ್ಕಳನ್ನ ಬೆಳೆಸಿದೋರು," ಎಂದಳು ಮೆಲ್ಲಗೆ. "ಆಮೇಲೆ ಯುದ್ಧದಲ್ಲಿ ಅವಳ ಅಣ್ಣ ಒಂದು ಕಡೆ, ನನ್ನ ಗಂಡ ಇನ್ನೊಂದು ಕಡೆ. ಅವತ್ತಿಂದ ಮಾತಿಲ್ಲ. ಆದ್ರೆ ಅವಳು ಯಾವಾಗ ನೀರು ತುಂಬಿಸ್ತಾಳೆ ಅಂತ ಗೊತ್ತಾಗುತ್ತೆ. ಪೈಪು ಸದ್ದು ಮಾಡುತ್ತಲ್ಲ."

ಕೆಳಗಿನಿಂದ ಅತ್ತಿಗೆಯ ಕನ್ನಡ ತೇಲಿಬರುತ್ತಿತ್ತು. "ನೀರು ತಾಯಿ, ನೀರು! ಮೇಲೆ! ಎಲ್ಲ ನಂದೇ ತಪ್ಪು!" ಮನೆಯೊಡತಿ ಮೆಟ್ಟಿಲ ಕಂಬಿಯನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಆಗ, ಪಾತ್ರೆಯಿಂದ ಪಾತ್ರೆಗೆ ನೀರು ಸುರಿಯುವ ಸದ್ದು.

ಅತ್ತಿಗೆ ಮೇಲೆ ಬಂದಾಗ ಒಂದು ಕೈಯಲ್ಲಿ ನಮ್ಮ ಬಕೆಟ್, ಇನ್ನೊಂದರಲ್ಲಿ ದೊಡ್ಡ ಕೆಂಪು ಬಕೆಟ್. ಏದುಸಿರಿನಲ್ಲೇ ಹೇಳಿದರು: "ಇನ್ನೂ ಕೊಡ್ತಾಳಂತೆ. ಕೆಂಪು ಬಕೆಟ್ ಮಾತ್ರ ಇವತ್ತೇ ವಾಪಸ್ ಬೇಕಂತೆ. ಬಕೆಟ್ ತೋರಿಸಿದ್ಲು, ಸೂರ್ಯನ್ನ ತೋರಿಸಿದ್ಲು, ಬೆರಳು ಆಡಿಸಿದ್ಲು. ಎಲ್ಲ ಅರ್ಥ ಆಯ್ತು."

ನಾನು ಅದನ್ನು ದಾಟಿಸಿದಾಗ ಮನೆಯೊಡತಿ ಮೂಗು ಅರಳಿಸಿ, "ಬದಲಾಗೇ ಇಲ್ಲ ನೋಡಿ! ಸೂಜಿ ಕೊಟ್ಟರೂ ಬೆನ್ನ ಹಿಂದೆ ನಿಂತು ಕಾಯೋಳು" ಎಂದಳು. ಅವಳ ಕಣ್ಣು ತುಂಬಿತ್ತು.

ನಾನೂ ಅತ್ತಿಗೆಯೂ ಹತ್ತಿಳಿದು ತೊಟ್ಟಿಯನ್ನು ಅರ್ಧ ತುಂಬಿಸಿದೆವು. ಮಧ್ಯಾಹ್ನ ಬಂದ ಸಂಸಾರ ಉಂಡು, ಮಿಂದು, ಕಿಟಕಿಯ ಬಳಿ ಕಾಲು ಚಾಚಿ ಕೂತಿತು. ಮುಂದಿನ ವಾರದ ಜನರ ಬಗ್ಗೆ ಡ್ರೈವರ್ ಬಾಗಿಲಲ್ಲೇ ಮಾತಾಡಿ ಹೋದ.

ಸಂಜೆ ನಲ್ಲಿ ಮತ್ತೆ ಕೆಮ್ಮಿತು. ಮನೆಯೊಡತಿ ಎಲ್ಲಕ್ಕಿಂತ ಮೊದಲು ಕೆಂಪು ಬಕೆಟ್ಟನ್ನು ತೊಳೆದು, ತುಂಬಿಸಿ, ಅತ್ತಿಗೆಯ ಮುಂದಿಟ್ಟು ಕೆಳಗೆ ಕೈ ತೋರಿಸಿದಳು.

ಅತ್ತಿಗೆ ಮಂಡಿ ಹಿಡಿದುಕೊಂಡರು. "ಅಯ್ಯೋ, ನೋವು ಕಣೇ ಪುಟ್ಟಿ! ಒಂದು ಹೆಜ್ಜೆ ಇಡೋಕಾಗಲ್ಲ ಅಂತ ಹೇಳು."

ಹಿಂದಿನ ದಿನ ಬೆಟ್ಟದ ಮೇಲಿನ ಕೋಟೆಗೆ ನನಗಿಂತ ಮುಂಚೆ ಹತ್ತಿದ್ದ ಮಂಡಿ ಅದು. ಆದರೂ ಹೇಳಿದೆ. "ನಿಮಗೂ ಮಂಡಿ ನೋವಾ?" ಎಂದಳು ಮನೆಯೊಡತಿ. ನಾನು ಈರುಳ್ಳಿ ಹೆಚ್ಚತೊಡಗಿದೆ.

ಅವಳು ಒಲೆಯ ಮೇಲೆ ಚಹಾಕ್ಕೆ ನೀರಿಟ್ಟು, "ಈಗ ಬಂದೆ" ಎಂದು ಬಕೆಟ್ ಎತ್ತಿಕೊಂಡಳು. ಮೆಟ್ಟಿಲ ಮೇಲೆ ನೀರು ತುಳುಕಿದ್ದು ಕೇಳಿತು. ಕದ ತಟ್ಟಿದ್ದು, ತೆರೆದದ್ದು ಕೇಳಿತು. ಎರಡು ದನಿಗಳು, ಮೊದಲು ಗದರಿದಂತೆ, ಆಮೇಲೆ ಒಂದರ ಮೇಲೊಂದು.

ಚಹಾದ ನೀರು ಕುದಿದು ಕುದಿದು ಪಾತ್ರೆಯ ತಳ ಕಂಡಿತು. ಅತ್ತಿಗೆ ಎದ್ದು ಒಲೆ ಆರಿಸಿದರು.