ಹಾರದ ಬಿಲ್ಲೆ

ಗರಗಸ ನನ್ನೊಳಗೆ ಅರ್ಧ ಇಳಿದಿತ್ತು. ನೀರು ಸುರಿಯುತ್ತಲೇ ಇತ್ತು. "ಸಾವಕಾಶ ಕೊಯ್ರೋ, ಒಳಗಿದ್ದದ್ದು ಕೆಟ್ಟೀತು," ಎಂದ ಕುಲುಮೆಯ ಮೇಸ್ತ್ರಿ ಶಿವಪುತ್ರಪ್ಪ ಕಮ್ಮಾರ. ನನಗೆ ನೋವಿರಲಿಲ್ಲ.

ನಾನು ಟೈಟಾನಿಯಂ. ಮೊದಲು ಕಡಲದಂಡೆಯ ಕರಿಮರಳಾಗಿದ್ದೆ. ಬೆಳಗಾವಿಯ ಹೊರಗಿನ ಈ ಕಾರ್ಖಾನೆಗೆ ಬರುವಾಗ ಡ್ರಮ್ಮು ತುಂಬ ಬೂದುಬಣ್ಣದ, ತೂತುತೂತಾದ ಚೂರುಗಳಾಗಿದ್ದೆ. ವಿಮಾನದ ಎಂಜಿನ್ನಿಗೆ ಬೇಕಾಗುವ ನನ್ನಂಥ ಲೋಹ ಅಲ್ಲಿಯತನಕ ಹೊರದೇಶದಿಂದ ಹಡಗಿನಲ್ಲಿ ಬರುತ್ತಿತ್ತು. ಒಂದು ವರ್ಷ ಬರಲಿಲ್ಲ. ಇಲ್ಲೇ ಮಾಡೋಣವೆಂದು ಕುಲುಮೆ ಹಾಕಿದರು. ಕರಗಿಸಿ ಎರೆದ ಮೊದಲ ಗಟ್ಟಿ ಶುದ್ಧವಾಗಿದ್ದರೆ ಎಂಜಿನ್ ಮಾಡುವವರು ಕೊಳ್ಳುತ್ತೇವೆಂದಿದ್ದರು. ಶಿವಪುತ್ರಪ್ಪನಿಗೆ ನಿವೃತ್ತಿ ಹತ್ತಿರವಾಗಿತ್ತು. "ನಾ ಮನಿಗೆ ಹೋಗೂದ್ರಾಗ ನಮ್ಮ ಲೋಹ ಒಮ್ಮೆ ಮ್ಯಾಲೆ ಹಾರಬೇಕು," ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಅಷ್ಟರಲ್ಲಿ ದಸರೆಯ ಖಂಡೇಪೂಜೆ ಬಂತು. ಅರ್ಧ ಮುಚ್ಚಿದ ನನ್ನ ಡ್ರಮ್ಮಿನ ಮೇಲೆ ತಟ್ಟೆಯಿಟ್ಟು ಹತಾರಗಳನ್ನು ಜೋಡಿಸಿದರು. ಶಿವಪುತ್ರಪ್ಪ ತನ್ನ ಮೊದಲ ನೌಕರಿಯ ಲೇತಿನದೊಂದು ಟಿಪ್ ಇಟ್ಟ, ಲೋಹ ಕೊರೆಯುವ ಮೂರು ಮೂಲೆಯ ಪುಟ್ಟ ತುಂಡು, ಒಂದು ಮೂಲೆ ಮುಕ್ಕಾದದ್ದು. ಪ್ರತಿವರ್ಷ ಪೂಜೆಗೆ ಅದನ್ನು ಇಡುತ್ತಿದ್ದ. ಯಾರೋ ನನ್ನತ್ತ ಕುಂಕುಮ ಚಾಚಿದರು. "ಲೋಹಕ್ಕ ಬ್ಯಾಡ್ರೋ, ಕೆಡತೈತಿ!" ಎಂದು ಅವನೇ ಕೈ ಹಿಡಿದ. ಆ ಗಡಿಬಿಡಿಯಲ್ಲಿ ತಟ್ಟೆ ವಾಲಿತು. ಟಿಪ್ ಜಾರಿ ನನ್ನೊಳಗೆ ಬಿತ್ತು. ಆಮೇಲೆ ಅವನು ತಟ್ಟೆಯಲ್ಲಿ ತಡಕಿದ. "ಯಾರರ ಒಯ್ದಿರಬೇಕು, ಹೋಗ್ಲಿ," ಎಂದ.

ನಿರ್ವಾತ ಕುಲುಮೆಯಲ್ಲಿ ನಾನು ಕರಗಿದೆ. ನನಗಿಂತ ಹೆಚ್ಚು ಬಿಸಿ ತಡೆಯುವ ಟಿಪ್ ಕರಗಲಿಲ್ಲ. ನಾನು ಗಟ್ಟಿಯಾದೆ, ಸುತ್ತಿಗೆಯ ಕೆಳಗೆ ಉದ್ದನೆಯ ಸರಳಾದೆ. ಅದು ನನ್ನೊಳಗೇ ಇತ್ತು.

ಒಳಗಿನ ದೋಷವನ್ನು ಶಬ್ದದ ಅಲೆಯಿಂದ ಹುಡುಕುವ ಹುಡುಗಿ ಶಾಹಿದಾ ಮುಲ್ಲಾ ನನ್ನ ಮೈಮೇಲೆ ಯಂತ್ರದ ತುದಿ ಆಡಿಸಿದಳು. ಒಂದು ಜಾಗಕ್ಕೆ ಬಂದಾಗ ಕೈ ನಿಲ್ಲಿಸಿದಳು.

"ಕಾಕಾ, ಇಲ್ಲೇನೋ ಐತ್ರಿ."

"ಮಿಶನ್ ನೋಡವಾ ಮೊದಲ. ನಿನ್ನೆ ಅದರ ಮ್ಯಾಲ ಚಹಾ ಚೆಲ್ಲಿದ್ದಿ."

"ಚಹಾ ಚೆಲ್ಲಿದವರು ನೀವ್ರಿ ಕಾಕಾ."

ಅವನು ನಕ್ಕ. ಅವಳು ನನ್ನನ್ನು ಹೊರಳಿಸಿ ಮತ್ತೆ ನೋಡಿದಳು. ಅದೇ ಜಾಗ. ಅವನ ನಗು ನಿಂತಿತು.

ಹಾಗಾಗಿ ಗರಗಸ. ಕೊಯ್ದ ಬಿಲ್ಲೆಯನ್ನು ಉಜ್ಜಿದಾಗ ನಡುವೆ ಮೂರು ಮೂಲೆಯ ಕಪ್ಪು ಚುಕ್ಕಿ ಕಂಡಿತು. ಒಂದು ಮೂಲೆ ಮುಕ್ಕಾಗಿತ್ತು. ಶಿವಪುತ್ರಪ್ಪ ಅದನ್ನು ಹೆಬ್ಬೆರಳಿನಿಂದ ಒರೆಸಿದ. ಮತ್ತೊಮ್ಮೆ ಒರೆಸಿದ.

"ಇದು ನಂದು," ಎಂದ.

ಎಂಜಿನ್ನಿನವರು ಇಡೀ ಗಟ್ಟಿಯನ್ನೇ ಬೇಡವೆಂದರು. ನನ್ನ ಉಳಿದ ಮೈ ಯಾವುದೋ ರಾಸಾಯನಿಕ ಕಾರ್ಖಾನೆಯ ಪಂಪಿಗೆ ಹೋಯಿತು. ಬಿಲ್ಲೆಯಷ್ಟು ನಾನು ಕಪಾಟಿನಲ್ಲಿ ಉಳಿದೆ. ಬಿಸಿ ನನ್ನಲ್ಲಿ ಬೇಗ ಹರಿಯುವುದಿಲ್ಲ, ಬೇರೆಯದೂ ಹರಿಯುವುದಿಲ್ಲವೇನೋ. ಹಾರುವುದೆಂದರೇನೆಂದು ನನಗೆ ಗೊತ್ತಿಲ್ಲ, ಹಾರದ ದುಃಖವೂ ಇಲ್ಲ.

ಬೀಳ್ಕೊಡುಗೆಯ ದಿನ ನನಗೆ ಹೊಳಪು ಕೊಟ್ಟು ಮರದ ಪೀಠದಲ್ಲಿ ಕೂರಿಸಿದರು. ಚುಕ್ಕಿಯ ಮೇಲೆ ವಿಮಾನದ ಚಿತ್ರ ಅಂಟಿಸಿದರು. ಶಾಲು, ಹಾರ ಆದಮೇಲೆ ಮ್ಯಾನೇಜರ್ ಕುಲಕರ್ಣಿ ನನ್ನನ್ನು ಎತ್ತಿ ಚಾಚಿದರು.

"ನಮ್ಮ ಕುಲುಮಿಯ ಮೊದಲನೇ ಲೋಹ, ಶಿವಪುತ್ರಪ್ಪ. ನಿಮ್ಮ ಮನ್ಯಾಗ ಇರ್ಲಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಶಾಹಿದಾ ತಟ್ಟಲಿಲ್ಲ. ಶಿವಪುತ್ರಪ್ಪ ಉಗುರಿನಿಂದ ವಿಮಾನದ ಅಂಚನ್ನು ಎಬ್ಬಿಸಿ, ಕೆಳಗೆ ನೋಡಿ, ಮತ್ತೆ ಅಂಟಿಸಿದ. ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ.

"ಬ್ಯಾಡ್ರಿ ಸಾಹೇಬ್ರ. ನಾ ಒಯ್ಯಾಂಗಿಲ್ಲ."