ಮುಂದಿನ ಗಾಡಿ

ಸುನಿಲಕುಮಾರರ ಬಾಯಿಂದ ‘ಮುಂದಿನ’ ಎಂಬ ಮಾತು ಬಂದದ್ದನ್ನು ಮ್ಯೂನಿಕ್ಕಿನ ಕನ್ನಡಿಗರಲ್ಲಿ ಕೇಳಿದವರು ಯಾರೂ ಇಲ್ಲ. ಮುಂದಿನ ವಾರ ಎನ್ನಬೇಕಾದಲ್ಲಿ ಅವರು ‘ಈ ವಾರ ಮುಗದಮ್ಯಾಲ ಬರೂ ವಾರ’ ಎನ್ನುತ್ತಾರೆ. ಮುಂದಿನ ನಿಲ್ದಾಣವಾದರೆ ಅದರ ಹೆಸರನ್ನೇ ಹೇಳುತ್ತಾರೆ. ಮುಂದಿನ ಡಬ್ಬಿಯಾದರೆ ‘ಎಂಜಿನ್ ಕಡಿ ಡಬ್ಬಿ’ ಎಂದು ಕೈಯೆತ್ತಿ ತೋರಿಸುತ್ತಾರೆ. ಇಲ್ಲಿಯ ರೈಲುಗಳಿಗೆ ಬೇರೆ ಎಂಜಿನ್ನೇ ಇರುವುದಿಲ್ಲವೆಂಬುದು ಇಂಜಿನಿಯರರಾದ ಅವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಒಂದು ಯುಗಾದಿಗೆ ಅವರ ಕೈಗೆ ಮೈಕು ಕೊಟ್ಟು, ಮುಂದಿನ ಕಾರ್ಯಕ್ರಮವನ್ನು ಘೋಷಿಸಿರೆಂದು ವೇದಿಕೆ ಹತ್ತಿಸಿದೆವು. ‘ಈಗ ಆತಲ್ರಿ, ಇದರ ಬೆನ್ನಿಗೆ ಆಗೂ ಕಾರ್ಯಕ್ರಮ’ ಎಂದು ಅವರು ಶುರುಮಾಡಿದಾಗ ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಅವರೂ ನಕ್ಕರು. ಅವರ ಹೆಂಡತಿ ಶ್ರೀದೇವಿ ಮಾತ್ರ ನಗದೆ, ತಟ್ಟೆಯಲ್ಲಿದ್ದ ಕೋಸಂಬರಿಯನ್ನು ನೋಡುತ್ತ ಕುಳಿತಿದ್ದರು.

ಗದಗಿನವರು, ಐವತ್ತನಾಲ್ಕರ ಪ್ರಾಯ, ಕಾರು ಕಾರ್ಖಾನೆಯೊಂದರಲ್ಲಿ ಬ್ರೇಕುಗಳನ್ನು ಪರೀಕ್ಷಿಸುವ ಕೆಲಸ. ನಾಲ್ಕು ಹೆಜ್ಜೆ ನಡೆದರೆ ಒಮ್ಮೆ ಹಿಂತಿರುಗಿ ನೋಡುತ್ತಾರೆ, ಒಬ್ಬರೇ ನಡೆಯುವಾಗಲೂ. ಅದರಿಂದಾಗಿ ಕತ್ತು ಎಡಕ್ಕೆ ಕೊಂಚ ವಾಲಿಯೇ ನಿಂತುಬಿಟ್ಟಿದೆ. ಕಾರ್ಖಾನೆಯಲ್ಲಿ ಕೊಟ್ಟ, ಹೊಳೆಯುವ ಪಟ್ಟಿಯ ಕಿತ್ತಳೆ ಬಣ್ಣದ ಜಾಕೆಟ್ಟನ್ನು ಶನಿವಾರಗಳಂದೂ ತೊಡುತ್ತಾರೆ. ರಸ್ತೆ ಅಗೆಯುವವರಂತೆ ಕಾಣುತ್ತೀರಿ ಎಂದು ಗೆಳೆಯರು ಛೇಡಿಸಿದರೆ, ನೂರು ಮಂದಿಯ ನಡುವೆಯೂ ಎದ್ದು ಕಾಣಬೇಕಲ್ಲ ಎಂದಷ್ಟೇ ಅವರ ಉತ್ತರ.

ಶನಿವಾರಗಳ ಕಥೆ ಹೀಗಿದೆ. ನಮ್ಮಲ್ಲಿ ಯಾರ ಮನೆಗೆ ಊರಿನಿಂದ ತಾಯಿ ಬಂದರೂ ಆ ಸುದ್ದಿ ಹೇಗೋ ಸುನಿಲಕುಮಾರರ ಕಿವಿಗೆ ಬೀಳುತ್ತದೆ. ಆ ತಾಯಿಯನ್ನು ಮನೆಮಂದಿಯ ಸಮೇತ ಆಲ್ಪ್ಸ್ ಪರ್ವತಗಳಿಗೆ ಕರೆದೊಯ್ಯುವುದು ಅವರ ಪಾಲಿಗೆ ಯಾರೂ ವಹಿಸದ ಕರ್ತವ್ಯ. ಟಿಕೆಟ್ಟು, ಹೊತ್ತು, ಪ್ಲಾಟ್‌ಫಾರ್ಮು, ಮಂಡಿನೋವಿನವರಿಗೆ ಲಿಫ್ಟು ಎಲ್ಲಿದೆ ಎಂಬುದು, ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ. ಗುಂಪನ್ನು ನಿಲ್ಲಿಸಿ ತಲೆ ಎಣಿಸುವಾಗ ಕಣದಲ್ಲಿ ಜೋಳ ಅಳೆಯುವವರ ಪದ್ಧತಿಯಂತೆ ಒಂದು ಎನ್ನದೆ ‘ಲಾಭ’ ಎಂದೇ ಆರಂಭಿಸುತ್ತಾರೆ. ಆ ಲಾಭ ಯಾವಾಗಲೂ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸಿನ ತಲೆ. ರೈಲಿನಲ್ಲಿ ಆಕೆಗೆ ಕಿಟಕಿ ಕೊಟ್ಟು ತಾವು ಎದುರಿಗೆ, ರೈಲು ಹೋಗುವ ದಿಕ್ಕಿಗೆ ಬೆನ್ನುಮಾಡಿ ಕುಳಿತುಕೊಳ್ಳುತ್ತಾರೆ. ಹೊರಗೆ ಹಿಮಶಿಖರಗಳು ಒಂದರ ಹಿಂದೊಂದು ಮೇಲೇಳುತ್ತಿದ್ದರೂ ಕಣ್ಣೆತ್ತಿ ನೋಡುವುದಿಲ್ಲ. ನೋಡುವುದು ಆ ಮುದುಕಿಯ ಮುಖವನ್ನು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳುತ್ತಾರೆ: “ಏನ್ ಕಾಣಾಕತ್ತೈತ್ರಿ ಯವ್ವಾ?”

ಒಬ್ಬಾಕೆ ಅಕ್ಕಿಹಿಟ್ಟು ಚೆಲ್ಲಿದ ಹಾಗಿದೆ ಎಂದಿದ್ದರು. ಇನ್ನೊಬ್ಬಾಕೆ ಇಷ್ಟೊಂದು ನೀರು ಸುಮ್ಮನೆ ಹೆಪ್ಪುಗಟ್ಟಿ ಬಿದ್ದಿದೆಯಲ್ಲ ಎಂದು ಮರುಗಿದ್ದರು. ಸುನಿಲಕುಮಾರರು ಎಲ್ಲವನ್ನೂ ಶ್ರದ್ಧೆಯಿಂದ ಕೇಳುತ್ತಾರೆ, ತಲೆಯಾಡಿಸುತ್ತಾರೆ, ಆದರೆ ಬೇಕಾದ ಉತ್ತರ ಅದಲ್ಲವೆಂಬುದು ಅವರ ಮುಖದಲ್ಲಿ ಕಾಣುತ್ತಿರುತ್ತದೆ. ಅವರಿಗೆ ಬೇಕಾದ ಉತ್ತರ ಯಾವುದೆಂಬುದನ್ನು ಬಹಳ ದಿನಗಳ ಮೇಲೆ, ಶ್ರೀದೇವಿಯವರ ಬಾಯಿಂದಲೇ ನಾನು ಕೇಳಿದೆ.

ಎಂಟು ವರ್ಷದ ಹಿಂದೆ, ಜನವರಿಯ ಒಂದು ಶನಿವಾರ. ಸುನಿಲಕುಮಾರರ ತಾಯಿ ಸಾವಿತ್ರವ್ವ ಮೂರು ತಿಂಗಳಿರಲೆಂದು ಬಂದಿದ್ದರು. ಕೈಲಾಸವನ್ನಂತೂ ನೋಡಲಾಗಲಿಲ್ಲ, ಹಿಮದ ಗುಡ್ಡವನ್ನಾದರೂ ತೋರಿಸು ಎಂಬುದೊಂದೇ ಆಕೆಯ ಬೇಡಿಕೆ. ಶ್ಲೀರ್‌ಸೇ ಸರೋವರಕ್ಕೆಂದು ಮೂವರೂ ಹೊರಟರು. ಆ ದಾರಿಯ ರೈಲು ಹೋಲ್ಟ್ಸ್‌ಕಿರ್ಶನ್ ಎಂಬ ನಿಲ್ದಾಣದಲ್ಲಿ ಸೀಳಿಕೊಳ್ಳುತ್ತದೆ. ಮುಂಭಾಗ ಸರೋವರದ ಕಡೆಗೆ, ಹಿಂಭಾಗ ಲೆಂಗ್ರೀಸ್ ಎಂಬ ಊರಿನ ಕಡೆಗೆ. ತಡವಾಗಿ ಬಂದ ಇವರು ಸಿಕ್ಕ ಬಾಗಿಲಿಗೆ, ಅಂದರೆ ಹಿಂಭಾಗಕ್ಕೆ ಹತ್ತಿದ್ದರು. ಹೋಲ್ಟ್ಸ್‌ಕಿರ್ಶನ್ನಿನಲ್ಲಿ ಇಳಿದು ಮುಂಭಾಗಕ್ಕೆ ಹೋಗಲು ಇದ್ದದ್ದು ಮೂರೇ ನಿಮಿಷ. ಪ್ಲಾಟ್‌ಫಾರ್ಮಿನ ತುಂಬ ಸ್ಕೀ ಹಲಗೆ ಹೊತ್ತ ಜನ. ಶ್ರೀದೇವಿ ಚೀಲ ಹಿಡಿದು ಓಡಿದರು. ಸುನಿಲಕುಮಾರರು ಅವರ ಹಿಂದೆ ಓಡಿ ಬಾಗಿಲಲ್ಲಿ ನಿಂತು, ಮಂಡಿನೋವಿನಿಂದ ಹಿಂದೆ ಬಿದ್ದಿದ್ದ ತಾಯಿಗೆ ಕೂಗಿ ಹೇಳಿದರು: “ಅವ್ವಾ, ಮುಂದಿನ ಗಾಡಿ ಹತ್ತು.”

ಸಾವಿತ್ರವ್ವ ಕೇಳಿಸಿತೆಂದು ತಲೆಯಾಡಿಸಿದರು, ಕೇಳಿಸಿಯೂ ಇತ್ತು. ಮುಂಭಾಗದ ಗಾಡಿ ಎಂದು ಮಗ ಹೇಳಿದ್ದನ್ನು ಆಕೆ ಇದಾದ ಮೇಲೆ ಬರುವ ಗಾಡಿ ಎಂದುಕೊಂಡರು. ನಮ್ಮ ಭಾಷೆಯಲ್ಲಿ ಎರಡಕ್ಕೂ ಅದೇ ಮಾತು. ಮಗ ತನ್ನ ಮಂಡಿ ನೋಡಿ, ಅವಸರ ಬೇಡವೆಂದ ಎಂದು ಆ ಜೀವಕ್ಕೆ ಸಮಾಧಾನವೇ ಆಗಿದ್ದಿರಬೇಕು. ತಾಯಿ ಅದೇ ಮುಂಭಾಗದ ಹಿಂದಿನ ಬಾಗಿಲಿಗೆ ಹತ್ತಿದ್ದಾಳೆಂದು ನಂಬಿದ ಮಗನಿಗೆ, ರೈಲು ಹೊರಟು ಡಬ್ಬಿಯನ್ನೆಲ್ಲ ಹುಡುಕಿದ ಮೇಲೆಯೇ ಆಕೆ ಹತ್ತಿಲ್ಲವೆಂದು ತಿಳಿದದ್ದು. ಎದುರು ರೈಲು ಹಿಡಿದು ಅವರಿಬ್ಬರೂ ಮರಳುವಷ್ಟರಲ್ಲಿ ಪ್ಲಾಟ್‌ಫಾರ್ಮು ಖಾಲಿಯಾಗಿತ್ತು. ಸಾವಿತ್ರವ್ವ ಮಗನ ಮಾತಿನಂತೆ, ಆಮೇಲೆ ಬಂದ ಗಾಡಿಗೆ ಹತ್ತಿಯಾಗಿತ್ತು, ಅದರ ಹಿಂಭಾಗಕ್ಕೆ.

ಲೆಂಗ್ರೀಸಿನಲ್ಲಿ ರೈಲು ಕೊನೆಯಾಯಿತು. ಮಗ ಕಾಣಲಿಲ್ಲ. ಜನ ಎದುರಿನ ಬಸ್ಸಿಗೆ ಹತ್ತುತ್ತಿದ್ದರು, ಆಕೆಯೂ ಹತ್ತಿದರು. ಆ ಬಸ್ಸು ಹಿಮದ ಕಣಿವೆಯ ಉದ್ದಕ್ಕೂ, ಯಾಖೆನೌ ಎಂಬ ಹಳ್ಳಿಯವರೆಗೆ ಹೋಗಿ ಬರುವಂಥದ್ದು. ಹೋಗುವಾಗಲೂ ಬರುವಾಗಲೂ ಇಳಿಯದೆ ಕುಳಿತ ಸೀರೆಯ ಮುದುಕಿಯನ್ನು ಕಂಡು ಚಾಲಕ ವಿಚಾರಿಸಿದ. ಆಕೆ ಎಲೆಯಡಿಕೆಯ ಸಂಚಿಯಿಂದ ಮಗನ ನಂಬರಿದ್ದ ಚೀಟಿ ತೆಗೆದುಕೊಟ್ಟರು.

ಗಂಡಹೆಂಡಿರು ಟ್ಯಾಕ್ಸಿಯಲ್ಲಿ ಲೆಂಗ್ರೀಸ್ ಮುಟ್ಟಿದಾಗ ಮುಸ್ಸಂಜೆ. ಸಾವಿತ್ರವ್ವ ಬಸ್ಸಿನ ಮೊದಲ ಸೀಟಿನಲ್ಲಿ, ಚಾಲಕನ ಕೋಟನ್ನು ಮಂಡಿಯ ಮೇಲೆ ಹೊದ್ದು ಕುಳಿತಿದ್ದರು. ಆ ಮುಖ ಬೆಳಗುತ್ತಿತ್ತು ಎಂದರು ಶ್ರೀದೇವಿ, ಅಷ್ಟು ಬೆಳಗಿದ್ದನ್ನು ತಾವು ಎಂದೂ ಕಂಡಿರಲಿಲ್ಲವಂತೆ. ಮಗನನ್ನು ನೋಡಿ ಆಕೆ ‘ತಮ್ಮಾ, ಅಲ್ಲಿ’ ಎಂದು ಏನೋ ಹೇಳಹೊರಟರು. ಆ ಹೊತ್ತಿಗೆ ಸುನಿಲಕುಮಾರರ ಹೆದರಿಕೆಯೆಲ್ಲ ಸಿಟ್ಟಾಗಿ ತಿರುಗಿತ್ತು.

“ಇಷ್ಟೂ ತಿಳಿಯೂದಿಲ್ಲೇನು ನಿನಗ? ಮುಂದಿನ ಗಾಡಿ ಅಂತ ಬಾಯಿ ಬಡ್ಕೊಂಡ್ನಿ.”

“ಅದರಾಗ ಬಂದ್ನೆಲ್ಲೋ ತಮ್ಮಾ.”

ತಪ್ಪು ಯಾರದೆಂದು ಅವರಿಗೆ ಹೊಳೆದದ್ದು ಆಗ. ಹೊಳೆದರೂ ತಪ್ಪಾಯಿತು ಎನ್ನುವ ಮಾತು ಬಾಯಿಗೆ ಬರಲಿಲ್ಲ. ಸಾವಿತ್ರವ್ವ ಮುಚ್ಚಿದ ಬಾಯನ್ನು ಗುಡ್ಡದ ವಿಷಯಕ್ಕೆ ಮತ್ತೆ ತೆರೆಯಲಿಲ್ಲ. ಆಮೇಲೆ ಹನ್ನೆರಡೇ ದಿನ ಇದ್ದು, ಮಂಡಿಗೆ ಇಲ್ಲಿಯ ಥಂಡಿ ಆಗದೆಂದು ನೆಪ ಹೇಳಿ ಊರಿಗೆ ಹೋದರು. ಆ ಆಷಾಢದಲ್ಲಿ ಯಾವುದೋ ಬೇರೆ ಕಾಯಿಲೆಯಲ್ಲಿ ತೀರಿಕೊಂಡರು. ‘ಅಲ್ಲಿ’ ಎಂದು ಶುರುವಾದದ್ದು ಅಲ್ಲಿಗೇ ನಿಂತಿತು. ತಾಯಿ ಆ ಕಣಿವೆಯಲ್ಲಿ ಕಂಡದ್ದೇನು, ಮುಖವನ್ನು ಅಷ್ಟು ಬೆಳಗಿಸಿದ್ದು ಯಾವ ಶಿಖರ, ತಾನು ಬಾಯಿಮುಚ್ಚಿಸಿದ ಮಾತು ಯಾವುದು ಎಂದು ಅವರು ಅಂದಿನಿಂದ ಕಂಡವರ ತಾಯಂದಿರ ಮುಖದಲ್ಲಿ ಹುಡುಕುತ್ತಿದ್ದಾರೆ.

ಹೋದ ನವೆಂಬರಿನ ಪ್ರವಾಸದಲ್ಲಿ ನಾನೂ ಇದ್ದೆ. ಮಂಡ್ಯದ ಕಡೆಯ ಪುಟ್ಟಲಕ್ಷ್ಮಮ್ಮ, ಅವರ ಮಗ ಗಿರಿಧರ್, ತಳ್ಳುಗಾಡಿಯಲ್ಲಿ ಎಂಟು ತಿಂಗಳ ಮೊಮ್ಮಗು. ಲೆಂಗ್ರೀಸಿನಲ್ಲಿ ರೈಲಿಳಿದಾಗ ಯಾಖೆನೌ ಬಸ್ಸಿನಲ್ಲಿ ಆಗಲೇ ಎರಡು ತಳ್ಳುಗಾಡಿಗಳಿದ್ದವು, ಮೂರನೆಯದಕ್ಕೆ ಚಾಲಕ ಆಗದೆಂದ. ಮಗುವನ್ನು ಅಜ್ಜಿಯ ತೊಡೆಗೆ ಕೊಟ್ಟು ಗಿರಿಧರ್ ತಳ್ಳುಗಾಡಿಯೊಂದಿಗೆ ಒಂದು ಗಂಟೆ ಕಾದು ಬರುವುದೆಂದಾಯಿತು. ಆತ ‘ಮುಂದಿನ ಬಸ್ಸಲ್ಲಿ’ ಎಂದು ಬಾಯಿ ತೆರೆಯುವಷ್ಟರಲ್ಲಿ ಸುನಿಲಕುಮಾರರು ಅಡ್ಡಬಂದು, ಇದು ಹೋದ ಮೇಲೆ ಬರುವ ಬಸ್ಸಿನಲ್ಲಿ ಎಂದು ಆ ತಾಯಿಗೆ ಮೂರು ಸಲ ಬಿಡಿಸಿ ಹೇಳಿದರು. ಹೊರಗೆ ಮಂಜು ಮುಸುಕಿ, ಶಿಖರವಿರಲಿ, ರಸ್ತೆಯ ಅಂಚಿನ ಮರಗಳೂ ಅರ್ಧವೇ ಕಾಣುತ್ತಿದ್ದವು. ಆದರೂ ಅವರು ರೂಢಿಯಂತೆ ಕೇಳಿದರು, ಏನು ಕಾಣುತ್ತಿದೆ ಎಂದು.

“ಬೆಟ್ಟ ಯಾರಪ್ಪ ನೋಡ್ತಾ ಕೂತವ್ರೆ? ನನ್ ಮಗ ಹಿಂದ್ಲು ಬಸ್ಸಲ್ಲಿ ಬತ್ತಾನೋ ಇಲ್ವೋ ಅಂತ ದಾರಿನೇ ನೋಡ್ತಾವ್ನಿ.”

ಬಸ್ಸಿಳಿದು, ಹಳ್ಳಿಯ ತಂಗುದಾಣದಲ್ಲಿ, ಹಿಮವಾಗಲೋ ಬೇಡವೋ ಎಂಬಂತೆ ಬೀಳುತ್ತಿದ್ದ ಮಳೆಯನ್ನು ನೋಡುತ್ತ ಒಂದು ಗಂಟೆ ಕಾದೆವು. ಮಂಜಿನೊಳಗಿನಿಂದ ಬಸ್ಸಿನ ದೀಪಗಳು ಕಂಡವು, ಗಿರಿಧರ್ ಇಳಿದ. ಪುಟ್ಟಲಕ್ಷ್ಮಮ್ಮನ ಮುಖ ಥಟ್ಟನೆ ಬೆಳಗಿತು.

“ಮಗಾ, ಅಲ್ಲಿ ಒಬ್ನೇ ನಿಂತ್ಕಂಡು ಚಳಿ ಹಿಡ್ಕತೇನಪ್ಪ ನಿಂಗೆ?”

ನಾನು ಸುನಿಲಕುಮಾರರ ಕಡೆಗೆ ನೋಡಬಾರದಿತ್ತು, ನೋಡಿದೆ. ಅವರು ತಂಗುದಾಣದ ಕಂಬವನ್ನು ಹಿಡಿದುಕೊಂಡಿದ್ದರು. ಹೊರಳಿ, ಎಂಟು ವರ್ಷಗಳಲ್ಲಿ ಮೊದಲ ಸಲವೆಂಬಂತೆ, ಗುಡ್ಡಗಳಿರಬೇಕಾದ ದಿಕ್ಕಿಗೆ ಕಣ್ಣೆತ್ತಿದರು. ಅಲ್ಲಿ ಬೂದು ಬಣ್ಣದ ಮಂಜಲ್ಲದೆ ಏನೂ ಇರಲಿಲ್ಲ. ಮರಳುವಾಗ ಅವರು ಯಾರನ್ನೂ ಏನನ್ನೂ ಕೇಳಲಿಲ್ಲ. ಹೋಲ್ಟ್ಸ್‌ಕಿರ್ಶನ್ ಬಂದಾಗ ಎದ್ದು, ಲಾಭ, ಎರಡು, ಮೂರು ಎಂದು ತಲೆಗಳನ್ನು ಎಣಿಸಿದರು, ಅಷ್ಟೆ.

ಇಂಥವರು ಎಲ್ಲ ಊರುಗಳಲ್ಲೂ ಒಬ್ಬಿಬ್ಬರು ಇರುತ್ತಾರೆ. ನಾವು ಅವರ ಉಪಕಾರವನ್ನು ಪಡೆದು ಅವರ ಚಾಳಿಗೆ ನಗುತ್ತೇವೆ. ಸಿಟ್ಟಿನ ಒಂದು ಗಳಿಗೆಯಲ್ಲಿ ತಾವೇ ತುಂಡರಿಸಿದ ಮಾತಿನ ಉಳಿದರ್ಧಕ್ಕಾಗಿ ಅವರು ಬದುಕಿನುದ್ದಕ್ಕೂ ಅಲೆಯುತ್ತಾರೆ. ಅದು ಯಾವುದೋ ದೊಡ್ಡ ದರ್ಶನವಿದ್ದೀತೆಂದು ನಂಬಿರುತ್ತಾರೆ. ಸಿಕ್ಕಾಗ ಅದು, ನಿನಗೆ ಚಳಿಯಾಯಿತೇ ಎಂಬಷ್ಟೇ ಸಣ್ಣ ಮಾತಾಗಿರುತ್ತದೆ, ಮತ್ತು ಅದಕ್ಕೆ ಉತ್ತರ ಕೊಡಬೇಕೆಂದರೆ ಕೇಳಿದವರು ಇರುವುದಿಲ್ಲ.